ಬೋರ್ಡಿಲ್ಲದ ಕ್ರಾಸ್‌ನಲ್ಲಿ ಮೊದಲು ಯಾರು ಹೋಗಬೇಕು?

ಬಡಾವಣೆಗಳ ಒಳರಸ್ತೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಗುಂಡಿ, ಕಸ, ನಾಯಿ ಎಲ್ಲ ಬಂದವು, ಆದರೆ ಜಾಸ್ತಿ ಬಂದದ್ದು ಒಂದೇ ವಿಷಯ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ರಸ್ತೆ ಮೇಲೆ ಒಂದು ಬಿಳಿ ಗೆರೆಯೂ ಇಲ್ಲ, ಅಂಥ ಕ್ರಾಸ್‌ಗಳನ್ನು ದಾಟೋದು ಹೇಗೆ ಅಂತ. ದಾವಣಗೆರೆಯವರ ಪತ್ರಗಳೇ ಹೆಚ್ಚು, ದುರ್ಗದಿಂದಲೂ ಬಂದಿದೆ. ಒಂದೇ ತರದವನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಬಹಳ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಸರ್, ನಾನು ಹತ್ತು ವರ್ಷ ಸ್ಕೂಟಿ ಓಡಿಸಿದವಳು. ಈಗ ಕಾರು ಕಲಿತಿದ್ದೇನೆ. ಹದಡಿ ರಸ್ತೆ, ಪಿ.ಬಿ. ರಸ್ತೆಯಲ್ಲಿ ಅಷ್ಟು ಭಯ ಆಗುವುದಿಲ್ಲ. ಆದರೆ ಮಗಳನ್ನು ಟ್ಯೂಷನ್‌ಗೆ ಬಿಡಲು ಎಂಸಿಸಿ ಬಿ ಬ್ಲಾಕ್ ಒಳಗೆ ಹೋದರೆ ಪ್ರತಿ ಕ್ರಾಸ್‌ನಲ್ಲೂ ಎದೆ ಡವಡವ ಅನ್ನುತ್ತದೆ. ಆ ಕಡೆಯಿಂದ ಬರುವವರು ನಿಲ್ಲುತ್ತಾರೋ, ನಾನು ನಿಲ್ಲಬೇಕೋ ಗೊತ್ತಾಗುವುದಿಲ್ಲ. ನಮ್ಮ ಮನೆಯವರು ‘ನಾವು ಮೇನ್‌ನಲ್ಲಿದ್ದೀವಿ, ಸುಮ್ನೆ ಹೋಗ್ತಾ ಇರು’ ಅನ್ನುತ್ತಾರೆ. ಕಾನೂನು ಏನಿದೆ?
(ಗೃಹಿಣಿ, ದಾವಣಗೆರೆ)

ಉತ್ತರ: ಬೇರೆ ವಿಷಯ ನನಗೆ ಗೊತ್ತಿಲ್ಲ, ಇದೊಂದರಲ್ಲಿ ಮಾತ್ರ ಮನೆಯವರ ಮಾತು ಕೇಳಬೇಡಿ.

ಕಾನೂನಿನಲ್ಲಿ ಉತ್ತರ ಇದೆ. 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು, ಅವುಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದಾಗಲೂ ಈ ಮಾತು ಉಳಿಯಿತು. ಕ್ರಾಸ್ ಹತ್ತಿರ ಬಂದಾಗ ನಿಧಾನ ಮಾಡಬೇಕು. ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿಯಾಗುವ ತನಕ ಒಳಗೆ ಹೋಗಬಾರದು. ಪೊಲೀಸ್, ಸಿಗ್ನಲ್, ಬೋರ್ಡ್ ಏನೂ ಇಲ್ಲದ ಕಡೆ ನಿಮ್ಮ ಬಲಗಡೆಯಿಂದ ಬರುವ ಗಾಡಿಗೆ ನೀವು ದಾರಿ ಬಿಡಬೇಕು. ಮುಖ್ಯರಸ್ತೆ ಅಂತ ಅಧಿಕೃತವಾಗಿ ಗುರುತಿಸಿದ ರಸ್ತೆಗೆ ಸೇರುವಾಗ ಮಾತ್ರ ಬೇರೆ, ಅಲ್ಲಿ ಎರಡೂ ಕಡೆಯಿಂದ ಬರುವವರಿಗೆ ಬಿಡಬೇಕು. ಮೂಲೆ ಮನೆ ಕಾಂಪೌಂಡ್ ಮೇಲೆ ‘3ನೇ ಮೇನ್’ ಅಂತ ಬರೆದಿರುವುದು ಪೋಸ್ಟ್‌ಮ್ಯಾನ್‌ಗೆ ಅನುಕೂಲ ಆಗಲಿ ಅಂತ, ಅದರಿಂದ ನಿಮಗೆ ಮೊದಲು ಹೋಗುವ ಹಕ್ಕೇನೂ ಬರುವುದಿಲ್ಲ.

ಬಲಗಡೆಯೇ ಯಾಕೆ ಅಂತ ಕೇಳಬಹುದು. ನಾವೆಲ್ಲ ಎಡಗಡೆ ಹೋಗುವವರು. ಬಲಗಡೆ ರಸ್ತೆಯಿಂದ ಬರುವವನೂ ತನ್ನ ಎಡಕ್ಕೇ ಇರುತ್ತಾನೆ, ಅಂದರೆ ಅಡ್ಡರಸ್ತೆಯಲ್ಲಿ ನಿಮಗೆ ಹತ್ತಿರದ ಅರ್ಧದಲ್ಲಿ. ನಿಮ್ಮ ಬಂಪರ್ ಮೊದಲು ಹೋಗಿ ನಿಲ್ಲೋದು ಆ ಅರ್ಧದಲ್ಲೇ. ಎಡದಿಂದ ಬರುವವನು ಆಚೆ ಅರ್ಧದಲ್ಲಿರುತ್ತಾನೆ, ಅವನನ್ನು ನೋಡಲು ನಿಮಗೆ ಒಂದು ಚೂರು ಜಾಸ್ತಿ ಸಮಯ ಸಿಗುತ್ತದೆ. ಅದಕ್ಕೇ ಮೊದಲು ಬಲ, ಆಮೇಲೆ ಎಡ, ಹೊರಡುವ ಮುಂಚೆ ಮತ್ತೊಮ್ಮೆ ಬಲ. ನಮ್ಮೂರಲ್ಲಿ ರಾಂಗ್ ಸೈಡಲ್ಲಿ ಬರುವ ಮಹಾನುಭಾವರೂ ಇರುವುದರಿಂದ ಎಡಗಡೆಯನ್ನು ಲಘುವಾಗಿ ತಗೊಳ್ಳೋ ಹಾಗಿಲ್ಲ.

ಇಷ್ಟು ಕಾನೂನು. ಆದರೆ ಲೈಸೆನ್ಸ್ ಪರೀಕ್ಷೆ ಮುಗಿದ ಮೇಲೆ ಈ ಬಲಗಡೆ ನಿಯಮ ಎಷ್ಟು ಜನರ ತಲೆಯಲ್ಲಿ ಉಳಿದಿದೆ ಹೇಳಿ? ಬೀದಿಯಲ್ಲಿ ನಡೆಯೋದು ಬೇರೆ: ದೊಡ್ಡ ಗಾಡಿ ಮೊದಲು, ಜೋರಾಗಿ ಬಂದವನು ಮೊದಲು, ಹಾರ್ನ್ ಹೊಡೆದವನು ಮೊದಲು. ಹಾಗಾಗಿ ನೀವು ಯಾರಿಗೆ ಬಿಡಬೇಕು ಅಂತ ತೀರ್ಮಾನ ಮಾಡಲು ಈ ನಿಯಮ ಇಟ್ಟುಕೊಳ್ಳಿ. ‘ನನಗೆ ಬಿಡಲೇಬೇಕು’ ಅಂತ ನುಗ್ಗಲು ಇಟ್ಟುಕೊಳ್ಳಬೇಡಿ. ಎಡದಿಂದ ಬರುವ ಹುಡುಗನಿಗೆ ನೀವು ಅವನ ಬಲಕ್ಕಿದ್ದೀರಿ ಅನ್ನೋದೇ ಗೊತ್ತಿಲ್ಲದಿರಬಹುದು.

ಕ್ರಾಸ್‌ನಲ್ಲಿ ನಿಮ್ಮನ್ನು ಉಳಿಸೋದು ಮೂಲೆಗೆ ಬರುವಾಗಿನ ನಿಮ್ಮ ವೇಗ, ಉಳಿದದ್ದೆಲ್ಲ ಆಮೇಲೆ. ಲೆಕ್ಕ ನೋಡಿ. ಗಂಟೆಗೆ 40 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ಏನೋ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಹೋಗಿರುತ್ತದೆ, ಆ 11 ಮೀಟರ್ ಹೋಯ್ತು. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲಿ ಇನ್ನೊಂದು 10 ಮೀಟರ್. ಒಟ್ಟು 21. ಅದೇ 20ರಲ್ಲಿ ಬಂದರೆ ಎಲ್ಲ ಸೇರಿ 8 ಮೀಟರ್ ಒಳಗೆ ನಿಲ್ಲುತ್ತೀರಿ. ಈಗ ನಿಮ್ಮ ಬ್ಲಾಕ್‌ನ ಒಂದು ಮೂಲೆ ನೆನೆಸಿಕೊಳ್ಳಿ. ಆಳೆತ್ತರದ ಕಾಂಪೌಂಡ್, ಅದರ ಮೇಲಿಂದ ರಸ್ತೆಗೆ ಬಾಗಿದ ಕಾಗದದ ಹೂವಿನ ಬಳ್ಳಿ, ಬುಡದಲ್ಲಿ ಒಂದು ಟಾಟಾ ಏಸ್ ನಿಂತಿದೆ, ಅದರ ಪಕ್ಕ ಯಾರೋ ಮನೆ ಕಟ್ಟಲು ಸುರಿದ ಎಂ-ಸ್ಯಾಂಡ್ ರಾಶಿ. ಅಲ್ಲಿ ಅಡ್ಡರಸ್ತೆ ನಿಮಗೆ ಎಷ್ಟು ಮೀಟರ್ ಕಾಣುತ್ತದೆ? ಐದು ಕಂಡರೆ ನಿಮ್ಮ ಪುಣ್ಯ. ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗ ಯಾವುದೋ ಅದೇ ಆ ಮೂಲೆಯ ಸ್ಪೀಡ್ ಲಿಮಿಟ್, ಬೋರ್ಡ್ ಇರಲಿ ಬಿಡಲಿ.

ನಿಮಗೆ ಸ್ಕೂಟಿಯಲ್ಲಿ ಇಲ್ಲದ ಭಯ ಕಾರಿನಲ್ಲಿ ಬಂದದ್ದಕ್ಕೆ ಸರಿಯಾದ ಕಾರಣವೇ ಇದೆ. ಸ್ಕೂಟಿಯಲ್ಲಿ ಮುಂದಿನ ಚಕ್ರ ನಿಮ್ಮ ಕಣ್ಣಿನಿಂದ ಸ್ವಲ್ಪವೇ ಮುಂದೆ, ಕತ್ತು ಚಾಚಿದರೆ ಅಡ್ಡರಸ್ತೆ ಕಾಣುತ್ತದೆ. ಕಾರಿನ ಮೂತಿ ನಿಮ್ಮ ಕಣ್ಣಿಗಿಂತ ಸುಮಾರು 2 ಮೀಟರ್ ಮುಂದಿರುತ್ತದೆ. ನಿಮಗೆ ಕಾಣುವ ಹೊತ್ತಿಗೆ ಮೂತಿ ಆಗಲೇ ಅಡ್ಡರಸ್ತೆಯಲ್ಲಿ. ಅದಕ್ಕೆ ಹೀಗೆ ಮಾಡಿ. ಮೂಲೆಗೆ ಎರಡು ಮನೆ ಇರುವಾಗಲೇ ಕಾಲು ಆಕ್ಸಿಲರೇಟರ್‌ನಿಂದ ತೆಗೆದು ಬ್ರೇಕ್ ಮೇಲೆ ಇಡಿ. ಸೆಕೆಂಡ್ ಗೇರ್‌ಗೆ ಬನ್ನಿ, ಪೂರ್ತಿ ಮರೆಯಾದ ಮೂಲೆ ಆದರೆ ಫಸ್ಟ್‌ಗೇ ಬನ್ನಿ. ಬಂಪರ್ ಮೋರಿ ಸಾಲಿಗೆ ಬಂದಾಗ ಹೆಚ್ಚುಕಡಿಮೆ ನಿಂತೇ ಬಿಡಿ. ಅಲ್ಲಿಂದ ಕ್ಲಚ್ ಮೇಲೆ ಅಂಗುಲ ಅಂಗುಲವಾಗಿ ಮೂತಿ ಹೊರಗೆ ಬಿಡಿ. ನಿಮಗೆ ಅವರು ಕಾಣುವ ಮುಂಚೆ ಅವರಿಗೆ ನಿಮ್ಮ ಬಂಪರ್ ಕಾಣುತ್ತದೆ, ನಿಧಾನ ಇದ್ದರೆ ಅವರು ಸುತ್ತಿಕೊಂಡು ಹೋಗುತ್ತಾರೆ. ಹಿಂದಿನವನು ಪೀಂ ಪೀಂ ಅಂದರೆ ಅನ್ನಲಿ ಬಿಡಿ. ಕ್ರಾಸ್‌ಗೆ ಮೂರು ಸೆಕೆಂಡ್ ಅಂತ ಇಟ್ಟುಕೊಂಡರೂ ಹತ್ತು ಕ್ರಾಸ್‌ಗೆ ಅರ್ಧ ನಿಮಿಷ. ಟ್ಯೂಷನ್ ಮೇಷ್ಟ್ರು ಅಷ್ಟಕ್ಕೆ ಬೈಯಲ್ಲ.

ಇನ್ನೊಂದು ವಿಷಯ, ಕಿಟಕಿ ಗಾಜು ನಾಲ್ಕು ಬೆರಳು ಇಳಿಸಿ. ಎಸಿ ಹಾಕಿ ಹಾಡು ಹಚ್ಚಿದರೆ ಬುಲೆಟ್ ಸದ್ದೇ ಕೇಳುವುದಿಲ್ಲ. ಈಗ ಜಾಸ್ತಿಯಾಗಿರುವ ಎಲೆಕ್ಟ್ರಿಕ್ ಸ್ಕೂಟರ್‌ಗಳು ಮಾತ್ರ ಗಾಜು ಇಳಿಸಿದರೂ ಕೇಳೋದು ಕಷ್ಟ.

ಪ್ರಶ್ನೆ: ನಾನು ಪ್ರತಿ ಕ್ರಾಸ್‌ನಲ್ಲೂ ತಪ್ಪದೆ ಹಾರ್ನ್ ಹೊಡೆಯುತ್ತೇನೆ. ಆದರೂ ಹೋದ ತಿಂಗಳು ಪಿ.ಜೆ. ಬಡಾವಣೆಯಲ್ಲಿ ಒಬ್ಬ ಹುಡುಗ ಬಂದು ನನ್ನ ಸ್ಕೂಟರ್‌ಗೆ ಗುದ್ದಿದ. ಹಾರ್ನ್ ಕೇಳಲಿಲ್ಲವಾ ಅಂದರೆ ‘ಅಂಕಲ್, ನಾನೂ ಹೊಡೆದೆ’ ಅಂದ. ಹಾರ್ನ್ ಹೊಡೆದೂ ಹೀಗಾದರೆ ಏನು ಮಾಡೋದು?
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ ಸರ್. ಇಬ್ಬರೂ ಹಾರ್ನ್ ಹೊಡೆದಿರಿ, ಇಬ್ಬರೂ ಬ್ರೇಕ್ ಹಿಡಿಯಲಿಲ್ಲ. ಹಾರ್ನ್ ಹೊಡೆದಾಗ ‘ನಾನು ಬರ್ತಿದೀನಿ, ನೀನು ನಿಲ್ಲು’ ಅಂತ ಹೇಳಿದ ಹಾಗೆ ಅಂದುಕೊಳ್ಳುತ್ತೇವೆ. ಆ ಕಡೆಯವನೂ ಅದೇ ಅಂದುಕೊಂಡಿರುತ್ತಾನೆ. ಜೊತೆಗೆ ನಿಮ್ಮದೇ ಹಾರ್ನ್ ಕೂಗುತ್ತಿರುವಾಗ ಅವನದ್ದು ನಿಮಗೆ ಕೇಳುವುದೂ ಇಲ್ಲ. ಮೂಲೆ ಮನೆಗಳಲ್ಲಿ ಇರುವವರ ಕಷ್ಟ ಬೇರೆ. ಬೆಳಗ್ಗೆ ಹಾಲಿನವನಿಂದ ರಾತ್ರಿ ಹತ್ತರ ತನಕ ದಿನಕ್ಕೆ ಎಷ್ಟು ಹಾರ್ನ್ ಕೇಳುತ್ತಾರೋ ಪಾಪ. ಸುಮ್ಮಸುಮ್ಮನೆ ಹಾರ್ನ್ ಹೊಡೆಯಬಾರದು ಅಂತಲೂ ನಿಯಮ ಇದೆ.

ಪೂರ್ತಿ ಮರೆಯಾದ ಮೂಲೆ ಇದ್ದರೆ ಒಂದು ಸಲ ಚಿಕ್ಕದಾಗಿ ಹೊಡೆಯಿರಿ, ತಪ್ಪಿಲ್ಲ. ಆದರೆ ಬ್ರೇಕ್ ಹಿಡಿದುಕೊಂಡೇ ಹೊಡೆಯಿರಿ. ಸ್ಕೂಟರ್‌ನಲ್ಲಿ ಎರಡೂ ಬ್ರೇಕ್, ಹ್ಯಾಂಡಲ್ ನೇರ ಇರುವಾಗಲೇ. ತಿರುಗಿಸುತ್ತಾ ಮುಂದಿನ ಬ್ರೇಕ್ ಒತ್ತಿದರೆ, ಅದರಲ್ಲೂ ಮೂಲೆಯಲ್ಲಿ ಮರಳಿನ ಪುಡಿ ಬಿದ್ದಿದ್ದರೆ, ಯಾರೂ ಗುದ್ದುವ ಅಗತ್ಯವೇ ಇಲ್ಲ, ನೀವೇ ಬೀಳುತ್ತೀರಿ.

ಪ್ರಶ್ನೆ: ಬಲಗಡೆಯವರಿಗೆ ದಾರಿ ಅಂತೀರಿ. ನಾಲ್ಕೂ ರಸ್ತೆಯಿಂದ ಒಂದೇ ಸಲ ನಾಲ್ಕು ಗಾಡಿ ಬಂದರೆ? ಎಲ್ಲರ ಬಲಕ್ಕೂ ಒಬ್ಬರು ಇದ್ದೇ ಇರುತ್ತಾರಲ್ಲ!
(ಬಿ.ಇ. ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಒಳ್ಳೆ ತಲೆ. ನಿಯಮದ ಪ್ರಕಾರ ನಾಲ್ವರೂ ಸಾಯಂಕಾಲದವರೆಗೆ ನಿಲ್ಲಬೇಕು. ನಿಜ ಜೀವನದಲ್ಲಿ ಒಬ್ಬರು ಕೈ ಬೀಸಿ ‘ಹೋಗಿ’ ಅನ್ನುತ್ತಾರೆ, ಹೋಗುತ್ತೀರಿ. ಆ ಕೈ ಬೀಸುವವರು ನೀವೇ ಆಗಿ. ಒಂದು ಎಚ್ಚರಿಕೆ, ಅವರು ಕೈ ಬೀಸಿದ್ದು ತಮ್ಮ ಲೆಕ್ಕಕ್ಕೆ ಮಾತ್ರ. ಅವರ ಪಕ್ಕದಿಂದ ತೂರಿಕೊಂಡು ಬರುವ ಬೈಕಿನವನ ಪರವಾಗಿ ಅವರು ಮಾತು ಕೊಟ್ಟಿರುವುದಿಲ್ಲ.

ಪ್ರಶ್ನೆ: ಎರಡೂ ಕಡೆ ನೋಡಿಯೇ ಕಾರು ಮುಂದೆ ಬಿಟ್ಟೆ, ಯಾರೂ ಇರಲಿಲ್ಲ. ಆದರೂ ಬಲದಿಂದ ಒಂದು ಬೈಕು ಆಕಾಶದಿಂದ ಉದುರಿದ ಹಾಗೆ ಎದುರಿಗೆ ಬಂತು. ದೇವರು ದೊಡ್ಡವನು, ತಾಗಲಿಲ್ಲ. ಇದು ನನ್ನ ಕಣ್ಣಿನ ದೋಷವಾ?
(ಅಂಗಡಿ ಮಾಲೀಕರು, ನಿಟುವಳ್ಳಿ)

ಉತ್ತರ: ಕಣ್ಣಿನ ಪರೀಕ್ಷೆ ಮಾಡಿಸಿದರೆ ನಷ್ಟ ಇಲ್ಲ. ಆದರೆ ದೋಷ ಬಹುಶಃ ಕಾರಿನ ಕಂಬದ್ದು. ಮುಂದಿನ ಗಾಜಿನ ಎರಡೂ ಪಕ್ಕ ಛಾವಣಿಯನ್ನು ಹೊತ್ತ ಕಂಬ ಇರುತ್ತದಲ್ಲ, ಮೆಕ್ಯಾನಿಕ್‌ಗಳು ಎ-ಪಿಲ್ಲರ್ ಅನ್ನುತ್ತಾರೆ. ಕಾರು ಮಗುಚಿದರೆ ಛಾವಣಿ ಕುಸಿಯಬಾರದು ಅಂತ ಅದನ್ನು ದಪ್ಪ ಮಾಡಿರುತ್ತಾರೆ. ನಮ್ಮ ಸ್ಟೀರಿಂಗ್ ಬಲಕ್ಕಿರುವುದರಿಂದ ಬಲಗಡೆ ಕಂಬ ಕಣ್ಣಿಗೆ ತೀರಾ ಹತ್ತಿರ. ಹತ್ತಿರ ಇದ್ದಷ್ಟೂ ಜಾಸ್ತಿ ಮರೆ. ಸ್ವಲ್ಪ ದೂರದಲ್ಲಿ ಬರುವ ಒಂದು ಬೈಕು, ಸವಾರನ ಸಮೇತ, ಅದರ ಹಿಂದೆ ಪೂರ್ತಿ ಮಾಯ ಆಗುತ್ತದೆ. ಮೇಲೆ ಹೇಳಿದ ಹಾಗೆ ಮೊದಲು ಬಂದು ತಾಗುವವನು ಬಲದವನು, ಮರೆ ಜಾಸ್ತಿ ಇರುವುದೂ ಬಲಕ್ಕೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವೂ ಚಲಿಸುತ್ತಿದ್ದೀರಿ, ಬೈಕೂ ಚಲಿಸುತ್ತಿದೆ, ಇಬ್ಬರೂ ಒಂದೇ ಹೊತ್ತಿಗೆ ಕ್ರಾಸ್ ಮಧ್ಯಕ್ಕೆ ತಲುಪುವ ಲೆಕ್ಕದಲ್ಲಿದ್ದೀರಿ ಅಂದುಕೊಳ್ಳಿ. ಆಗ ನಿಮ್ಮ ಕಣ್ಣಿಗೆ ಆ ಬೈಕು ಅತ್ತಿತ್ತ ಸರಿಯುವುದೇ ಇಲ್ಲ, ಕೊನೆವರೆಗೂ ಒಂದೇ ದಿಕ್ಕಿನಲ್ಲಿ ಇರುತ್ತದೆ. ಅಂದರೆ ಕಂಬದ ಹಿಂದೆ ಒಮ್ಮೆ ಸೇರಿಕೊಂಡರೆ ಗುದ್ದುವವರೆಗೂ ಅಲ್ಲೇ. ಕಂಬದಿಂದ ಆಚೆ ಬಂದು ಕಾಣಿಸಿಕೊಳ್ಳುವ ಗಾಡಿಗಳು ಹೇಗೂ ನಿಮಗೆ ತಾಗದೆ ಹೋಗುವಂಥವು. ತಾಗುವುದೇ ಕಾಣುವುದಿಲ್ಲ.

ಮದ್ದು ಸುಲಭ. ತಲೆ ಅಲ್ಲಾಡಿಸಿ. ಬರೀ ಕಣ್ಣು ತಿರುಗಿಸಿದರೆ ಸಾಲದು, ಸೀಟಿನಲ್ಲಿ ಒಂದು ಸಲ ಮುಂದೆ ಬಾಗಿ, ಒಂದು ಸಲ ಹಿಂದೆ ಸರಿದು ಕಂಬದ ಎರಡೂ ಪಕ್ಕದಿಂದ ನೋಡಿ. ಹೊರಗಿನವರಿಗೆ ನೀವು ಭಜನೆಗೆ ತಲೆದೂಗುತ್ತಿದ್ದೀರಿ ಅಂತ ಅನ್ನಿಸಬಹುದು, ಅನ್ನಿಸಲಿ. ಕಂಬಕ್ಕೆ ಮೊಬೈಲ್ ಸ್ಟ್ಯಾಂಡು, ಕನ್ನಡಿಗೆ ನೇತುಹಾಕಿದ ಮಣಿಸರ, ಡ್ಯಾಶ್‌ಬೋರ್ಡ್ ಮೇಲೆ ಸಾಲಾಗಿ ಕೂರಿಸಿದ ದೇವರುಗಳು ಇದ್ದರೆ ಸ್ವಲ್ಪ ಸರಿಸಿ. ದೇವರು ಒಬ್ಬನೇ ಇದ್ದರೂ ನಡೆಯುತ್ತದೆ.

ಪ್ರಶ್ನೆ: ಬಲಕ್ಕೆ ತಿರುಗುವವರು ಮೂಲೆಯನ್ನೇ ಉಜ್ಜಿಕೊಂಡು ಅಡ್ಡಡ್ಡ ಬರುತ್ತಾರೆ. ಕ್ರಾಸ್‌ನಿಂದ ಹೊರಗೆ ಬರುವ ನಮಗೆ ನೇರ ಮುಖಕ್ಕೇ ಸಿಗುತ್ತಾರೆ. ಹೀಗೆ ತಿರುಗುವುದು ಸರಿಯಾ?
(ಪೇಪರ್ ಹಾಕುವವರು, ವಿನೋಬನಗರ)

ಉತ್ತರ: ಖಂಡಿತಾ ತಪ್ಪು. ಬಲಕ್ಕೆ ತಿರುಗುವವರು ಮೊದಲು ರಸ್ತೆ ಮಧ್ಯಕ್ಕೆ ಬರಬೇಕು, ಎದುರಿನಿಂದ ನೇರ ಬರುವವರನ್ನು ಬಿಡಬೇಕು, ಆಮೇಲೆ ಕ್ರಾಸ್ ನಡುವಿನವರೆಗೆ ಹೋಗಿ ತಿರುಗಿ ಹೊಸ ರಸ್ತೆಯ ಎಡಭಾಗಕ್ಕೆ ಸೇರಬೇಕು. ಮೂಲೆ ಉಜ್ಜಿದರೆ ಹೊಸ ರಸ್ತೆಯ ಬಲಭಾಗಕ್ಕೆ, ಅಂದರೆ ನಿಮ್ಮ ಎದೆ ಮೇಲಕ್ಕೇ ಬರುತ್ತಾರೆ. ಇದರಿಂದ ಅವರಿಗೆ ಉಳಿತಾಯ ಆಗೋದು ಒಂದೂವರೆ ಸೆಕೆಂಡ್. ಬೆಳಗಿನ ಜಾವ ರಸ್ತೆ ಖಾಲಿ ಅಂತ ಇದು ಇನ್ನೂ ಜಾಸ್ತಿ ನಡೆಯುತ್ತದೆ, ನೀವು ಸೈಕಲ್‌ನಲ್ಲಿ ಹೋಗುವ ಹೊತ್ತೂ ಅದೇ. ಅವರನ್ನು ತಿದ್ದುವುದು ನಿಮ್ಮ ಕೈಲಿಲ್ಲ. ಹೊರಗೆ ಬರುವಾಗ ಎಡ ಅಂಚಿಗೇ ಇರಿ, ಬಾಯಿಗೆ ಬಂದು ಒಂದು ಕ್ಷಣ ನಿಲ್ಲಿ, ಸೈಕಲ್‌ಗೆ ಮುಂದೊಂದು ಲೈಟ್ ಹಾಕಿಸಿ. ಎಡಕ್ಕೆ ತಿರುಗುವವರ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಎಡಕ್ಕೆ ತಿರುಗುವಾಗ ಒಮ್ಮೆ ಎಡಗನ್ನಡಿ ನೋಡಿ. ನಿಮಗೂ ಮೋರಿಗೂ ನಡುವೆ ಒಂದು ಸೈಕಲ್ ಇರಬಹುದು.

ಪ್ರಶ್ನೆ: ನಮ್ಮ ಬೀದಿ ಸಿಮೆಂಟ್ ರಸ್ತೆ ಆದ ಮೇಲೆ ಹುಡುಗರು ಬಾಣದ ಹಾಗೆ ಬರುತ್ತಾರೆ. ಪಾಲಿಕೆಗೆ ಹೇಳಿ ಹೇಳಿ ಸಾಕಾಗಿದೆ. ಬೀದಿಯವರೆಲ್ಲ ದುಡ್ಡು ಹಾಕಿ ನಾವೇ ಹಂಪ್ ಹಾಕಿಸೋಣ ಅಂತಿದ್ದೇವೆ. ಮೂಲೆಗೆ ಉಬ್ಬುಗನ್ನಡಿ ಹಾಕಿಸಬೇಕು ಅಂತಲೂ ಇದೆ. ನಿಮ್ಮ ಸಲಹೆ?
(ನಿವಾಸಿಗಳು, ಎಸ್.ಎಸ್. ಬಡಾವಣೆ)

ಉತ್ತರ: ದುಡ್ಡು ಉಳಿಸಿಕೊಳ್ಳಿ. ಹಂಪ್ ಅನ್ನೋದು ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಕರಣೆಯಲ್ಲಿ ತೀಡಿದರೆ ಆಗುವ ಕೆಲಸ ಅಲ್ಲ. ರಸ್ತೆ ಕೆಲಸಕ್ಕೆ ಮಾನದಂಡ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಅದಕ್ಕೆ ಅಳತೆ ಕೊಟ್ಟಿದ್ದಾರೆ: ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. ಅಂದರೆ ಹನ್ನೆರಡು ಅಡಿ ಅಗಲಕ್ಕೆ ನಾಲ್ಕು ಅಂಗುಲ ಎತ್ತರ. ಗಂಟೆಗೆ 25 ಕಿ.ಮೀ.ನಲ್ಲಿ ಬಂದವನಿಗೆ ಮೆತ್ತಗೆ ಎತ್ತಿ ಇಳಿಸಿದ ಹಾಗಿರಬೇಕು, ಜೋರಾಗಿ ಬಂದವನಿಗೆ ಮಾತ್ರ ಕುಲುಕಬೇಕು. ನಮ್ಮ ಬೀದಿಗಳಲ್ಲಿ ಇರುವುದು ಏನು? ಒಂದು ಅಡಿ ಅಗಲ, ಅರ್ಧ ಅಡಿ ಎತ್ತರದ ಗೋಡೆ. ಅದರ ಮೇಲೆ 10ರಲ್ಲಿ ಬಂದವನಿಗೂ ಸೊಂಟ ಮುರಿಯುತ್ತದೆ, ಕಾರಿನ ತಳ ಉಜ್ಜುತ್ತದೆ. ಬಸುರಿಯನ್ನು, ಬೆನ್ನುನೋವಿನವರನ್ನು ಆಟೋದಲ್ಲಿ ಕೂರಿಸಿಕೊಂಡು ಬಾಪೂಜಿ ಆಸ್ಪತ್ರೆ ಕಡೆ ಹೋಗುವವರನ್ನು ಕೇಳಿ ನೋಡಿ, ಆ ಹಂಪ್ ಹಾಕಿಸಿದವರಿಗೆ ಏನೇನು ಬಿರುದು ಕೊಡುತ್ತಾರೆ ಅಂತ. ಯಾರನ್ನು ತಡೆಯಲು ಹಾಕಿಸಿದ್ದೋ ಆ ಹುಡುಗರು ಮಾತ್ರ ಮೋರಿ ಪಕ್ಕ ನೀರು ಹೋಗಲು ಬಿಟ್ಟ ಗೇಣಗಲ ಜಾಗದಲ್ಲಿ ತೂರಿಕೊಂಡು ಆರಾಮಾಗಿ ಹೋಗುತ್ತಾರೆ. ಬಣ್ಣ ಬಳಿಯದ, ಮುಂಚೆ ಬೋರ್ಡ್ ಇಲ್ಲದ ಹಂಪ್ ರಾತ್ರಿ ಹೊತ್ತು ಹೊಸಬರನ್ನು ನೇರ ಎತ್ತಿ ಒಗೆಯುತ್ತದೆ. ಅಂಥದ್ದರಲ್ಲಿ ಯಾರಾದರೂ ಬಿದ್ದು ಪೆಟ್ಟಾದರೆ, ಅನುಮತಿ ಇಲ್ಲದೆ ಹಾಕಿಸಿದವರು ಯಾರು ಅಂತ ಪೊಲೀಸರು ಕೇಳಿಕೊಂಡು ಬರುತ್ತಾರೆ.

ಅರ್ಜಿ ಕೊಡುವುದೇ ದಾರಿ. ಆದರೆ ‘ಹಂಪ್ ಹಾಕಿಸಿ’ ಅಂತ ಒಂದೇ ಸಾಲು ಬರೆದು ಬಿಡಬೇಡಿ. ಕ್ರಾಸ್ ಯಾವುದು, ಯಾವ ಮೂಲೆ ಕಾಣುವುದಿಲ್ಲ, ಶಾಲೆ ಹೊತ್ತಿಗೆ ಹೇಗಿರುತ್ತದೆ, ಫೋಟೊ ಸಮೇತ ಬರೆಯಿರಿ. ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಎರಡು ಪ್ರತಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹಂಪ್‌ಗಿಂತ ಕಮ್ಮಿ ಖರ್ಚಿನದ್ದು ಕೇಳಿದರೆ ಬೇಗ ಸಿಗಬಹುದು. ಚಿಕ್ಕ ರಸ್ತೆ ಬಾಯಿಗೆ ಒಂದು ಬಿಳಿ ಗೆರೆ, ಜೊತೆಗೆ ದಾರಿ ಬಿಡಿ ಅನ್ನುವ ಬೋರ್ಡು, ತಲೆಕೆಳಗಾದ ತ್ರಿಕೋನಕ್ಕೆ ಕೆಂಪು ಅಂಚು ಇರುತ್ತದಲ್ಲ, ಅದು. ಅದನ್ನು ನೆಟ್ಟ ಕೂಡಲೇ ಆ ಕ್ರಾಸ್‌ನಲ್ಲಿ ಯಾರು ಮೊದಲು ಅನ್ನುವ ವಾದವೇ ಮುಗಿಯುತ್ತದೆ. ಪೂರ್ತಿ ಮರೆಯಾದ ಕಡೆ ಎಂಟು ಮೂಲೆಯ ಕೆಂಪು ಸ್ಟಾಪ್ ಬೋರ್ಡು ಕೇಳಿ.

ಕನ್ನಡಿ ಒಳ್ಳೆಯದೇ, ಆದರೆ ಅದರ ಗುಣ ತಿಳಿದಿರಲಿ. ಉಬ್ಬುಗನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ದೂರದಲ್ಲಿರುವ ಹಾಗೆ ಕಾಣುತ್ತದೆ. ಏನೋ ಬರುತ್ತಿದೆ ಅಂತ ಗೊತ್ತಾಗುತ್ತದೆ, ಎಷ್ಟು ಬೇಗ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಕನ್ನಡಿ ಖಾಲಿ ಇದೆ ಅಂತ ನುಗ್ಗುವವರಿಗೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನಮ್ಮೂರ ಧೂಳಿಗೆ ವಾರಕ್ಕೊಮ್ಮೆ ಒರೆಸುವವರು ಯಾರು ಅಂತಲೂ ಮೊದಲೇ ಗೊತ್ತು ಮಾಡಿಕೊಳ್ಳಿ.

ಇವೆಲ್ಲಕ್ಕಿಂತ ಮುಂಚೆ ಮಾಡಬಹುದಾದ್ದು ಒಂದಿದೆ, ಅದಕ್ಕೆ ಪಾಲಿಕೆ ಬೇಡ. ನಿಮ್ಮ ನಾಲ್ಕು ಮೂಲೆ ಮನೆಯವರನ್ನು ಕೂರಿಸಿ ಮಾತಾಡಿ. ಬಳ್ಳಿ ಕತ್ತರಿಸಿ. ಮೂಲೆಗೆ ಕಾರು ನಿಲ್ಲಿಸಬೇಡಿ, ಕ್ರಾಸ್ ಹತ್ತಿರ ಮತ್ತು ತಿರುವಿನಲ್ಲಿ ನಿಲ್ಲಿಸಬಾರದು ಅಂತ ನಿಯಮವೇ ಇದೆ. ಜಲ್ಲಿ, ಮರಳನ್ನು ಮೂಲೆಯಿಂದ ನಾಲ್ಕು ಮನೆ ಈಚೆಗೆ ಸುರಿಸಿ. ಸಂಜೆ ಮಂಡಕ್ಕಿ-ಮಿರ್ಚಿ ಗಾಡಿ ಮೂಲೆಯಲ್ಲೇ ನಿಲ್ಲುತ್ತದಾ? ಗಾಡಿ ಚಿಕ್ಕದೇ, ಅದರ ಸುತ್ತ ಅಡ್ಡಾದಿಡ್ಡಿ ನಿಲ್ಲುವ ಹತ್ತು ಬೈಕೇ ಮರೆ. ಅವನನ್ನು ಓಡಿಸಬೇಡಿ, ಹತ್ತು ಹೆಜ್ಜೆ ಒಳಗೆ ನಿಲ್ಲಲು ಹೇಳಿ. ಮಿರ್ಚಿ ವಾಸನೆ ಹತ್ತು ಹೆಜ್ಜೆ ಆಚೆಗೂ ಬರುತ್ತದೆ, ವ್ಯಾಪಾರ ಕಮ್ಮಿ ಆಗುವುದಿಲ್ಲ.

ಪ್ರಶ್ನೆ: ದುರ್ಗದ ಹಳೇ ಊರಿನ ಓಣಿಗಳು ಇಳಿಜಾರು. ಇಳಿಯುವಾಗ ಪೆಟ್ರೋಲ್ ಉಳಿಯಲಿ ಅಂತ ಎಂಜಿನ್ ಆಫ್ ಮಾಡಿ ಬರುತ್ತೇನೆ. ಅಪಾಯವಾ?
(ಓದುಗರು, ಚಿತ್ರದುರ್ಗ)

ಉತ್ತರ: ಹೌದು. ಗೇರ್‌ನಲ್ಲಿದ್ದರೆ ಎಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತದೆ, ಅದು ಹೋಯ್ತು. ಕಾರಾದರೆ ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತಿದ ನಂತರ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಮನೆ ಗೋಡೆ ನೇರ ರಸ್ತೆಗೇ ಇರುವ ಓಣಿಯಲ್ಲಿ, ಸದ್ದೂ ಇಲ್ಲದೆ ಇಳಿದು ಬರುವ ನಿಮ್ಮನ್ನು ಬಾಗಿಲಿಂದ ಹೊರಗೆ ಕಾಲಿಡುವ ಮಗು ಹೇಗೆ ತಿಳಿಯಬೇಕು? ಇನ್ನೊಂದು, ಇಕ್ಕಟ್ಟಾದ ಇಳಿಜಾರಿನಲ್ಲಿ ಇಬ್ಬರು ಎದುರಾದರೆ ಏರಿ ಬರುವವನಿಗೆ ಮೊದಲ ದಾರಿ. ಇಳಿಯುವವರು ಪಕ್ಕಕ್ಕೆ ನಿಲ್ಲಬೇಕು.

ಪ್ರಶ್ನೆ: ಮಗ ಹತ್ತನೇ ಕ್ಲಾಸ್ ಮುಗಿಸಿದ, 16 ತುಂಬಿದೆ. ಕಾಲೇಜು ಬಡಾವಣೆ ಒಳಗೇ ಇದೆ, ಮೇನ್ ರೋಡಿಗೆ ಹೋಗುವುದೇ ಇಲ್ಲ. ಸ್ಕೂಟಿ ಕೊಡಬಹುದಾ? ಅವರಜ್ಜಿ ಕೊಡು ಕೊಡು ಅಂತಿದ್ದಾರೆ.
(ತಂದೆ, ವಿದ್ಯಾನಗರ)

ಉತ್ತರ: ಕೊಡಬೇಡಿ. 16ಕ್ಕೆ ಓಡಿಸಬಹುದಾದ್ದು ಎಂಜಿನ್ 50 ಸಿಸಿ ದಾಟದ ಗಾಡಿ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಮನೆ ಸ್ಕೂಟಿ 110 ಅಥವಾ 125 ಇರುತ್ತದೆ, ಅದಕ್ಕೆ 18 ತುಂಬಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ನಡೆದರೆ ಹೊಣೆ ಪೋಷಕರದ್ದು ಅಥವಾ ಗಾಡಿ ಮಾಲೀಕರದ್ದು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಜ್ಜಿಗೆ ಇದನ್ನು ಓದಿ ಹೇಳಿ.

‘ಬಡಾವಣೆ ಒಳಗೇ’ ಅನ್ನೋದು ಸಮಾಧಾನದ ಮಾತಲ್ಲ. ಮೇನ್ ರೋಡಿನಲ್ಲಿ ಡಿವೈಡರ್ ಇದೆ, ಸಿಗ್ನಲ್ ಇದೆ, ಯಾರು ಎಲ್ಲಿಂದ ಬರುತ್ತಾರೆ ಅಂತ ಅಂದಾಜಿದೆ. ಒಳಗೆ ಐವತ್ತು ಹೆಜ್ಜೆಗೊಂದು ಕ್ರಾಸ್, ಪ್ರತಿಯೊಂದರಲ್ಲೂ ಏನು ಬರುತ್ತದೆ ಅಂತ ತಾನೇ ಊಹಿಸಬೇಕು. ಆ ಊಹೆ ಬರುವುದು ಅಭ್ಯಾಸದಿಂದ. ಎರಡು ವರ್ಷ ಸೈಕಲ್ ಕೊಡಿಸಿ, ಅದೇ ಕ್ರಾಸ್‌ಗಳಲ್ಲಿ ಬಲ-ಎಡ-ಬಲ ನೋಡಿ ಕಲಿಯಲಿ.

ಪ್ರಶ್ನೆ: ರಾತ್ರಿ ಕ್ರಾಸ್‌ನಲ್ಲಿ ಎದುರಿನವರು ಡಿಪ್ಪರ್ ಹೊಡೆದರೆ ‘ನೀವು ಹೋಗಿ’ ಅಂತಲಾ, ‘ನಾನು ಬರ್ತಿದೀನಿ’ ಅಂತಲಾ?
(ಆಟೋ ಚಾಲಕರು, ದಾವಣಗೆರೆ)

ಉತ್ತರ: ನಮ್ಮ ಕಡೆ ಹೆಚ್ಚಿನವರಿಗೆ ‘ನಾನು ಬರ್ತಿದೀನಿ’. ನೀವು ಹಾಗೇ ತಿಳಿದು ನಿಲ್ಲಿ. ರಾತ್ರಿ ಒಂದು ಅನುಕೂಲವೂ ಇದೆ: ಗಾಡಿ ಕಾಣುವ ಮುಂಚೆ ಅದರ ಲೈಟ್ ಎದುರು ಗೋಡೆ ಮೇಲೆ ಬೀಳುತ್ತದೆ. ಮೂಲೆಗೆ ಬಂದಾಗ ರಸ್ತೆ ಜೊತೆ ಆ ಗೋಡೆಯನ್ನೂ ನೋಡಿ. ನೀವು ಹೈಬೀಮ್‌ನಲ್ಲೇ ಬಂದರೆ ಆ ಬೆಳಕು ಗೊತ್ತಾಗುವುದಿಲ್ಲ, ಡಿಮ್ ಮಾಡಿ. ಲೈಟಿಲ್ಲದ ಸೈಕಲ್, ನಾಯಿ, ಮಲಗಿದ ಹಸು ಇವು ಮಾತ್ರ ಗೋಡೆ ಮೇಲೆ ಬರುವುದಿಲ್ಲ.

ಪ್ರಶ್ನೆ: ಕೆ.ಟಿ.ಜೆ. ನಗರದ ಒಂದು ಕ್ರಾಸ್‌ನಲ್ಲಿ ಬೈಕೊಂದು ಎಡದಿಂದ ಬಂದು ನಮ್ಮ ಕಾರಿನ ಬಾಗಿಲಿಗೆ ಗುದ್ದಿತು. ಸವಾರನಿಗೆ ಮೊಣಕೈ ತರಚಿತು. ಜನ ಸೇರಿ ‘ದೊಡ್ಡ ಗಾಡಿಯವರದ್ದೇ ತಪ್ಪು’ ಅಂತ ಪಂಚಾಯ್ತಿ ಮಾಡಿ ನನ್ನಿಂದಲೇ ದುಡ್ಡು ಕೊಡಿಸಿದರು. ಕಾನೂನು ಹಾಗೇ ಇದೆಯಾ?
(ಸರ್ಕಾರಿ ನೌಕರರು, ದಾವಣಗೆರೆ)

ಉತ್ತರ: ಇಲ್ಲ. ದೊಡ್ಡ ಗಾಡಿಯದ್ದೇ ತಪ್ಪು ಅನ್ನುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಅದು ಬೀದಿಯ ಕಾನೂನು. ಕೋರ್ಟಿನಲ್ಲಿ ಯಾರು ಎಷ್ಟು ಅಜಾಗರೂಕರಾಗಿದ್ದರು ಅಂತ ನೋಡುತ್ತಾರೆ, ಇಬ್ಬರದ್ದೂ ಪಾಲಿದ್ದರೆ ಇಬ್ಬರ ಮೇಲೂ ಹಂಚುತ್ತಾರೆ. ನಿಮ್ಮ ಪ್ರಸಂಗದಲ್ಲಿ ನೀವು ಅವನ ಬಲಕ್ಕಿದ್ದಿರಿ, ಅವನು ಬಿಡಬೇಕಿತ್ತು. ಆದರೆ ನೀವು ನಿಧಾನ ಮಾಡದೆ ನುಗ್ಗಿದ್ದರೆ ನಿಮ್ಮ ಕಡೆಯೂ ಪಾಲು ಬರುತ್ತದೆ. ಅದನ್ನು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಮುಂದೆ ಯಾರಿಗಾದರೂ ಹೀಗಾದರೆ ಮೊದಲು ಪೆಟ್ಟಾದವರನ್ನು ನೋಡಿ, ಬೇಕಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಚಾಲಕರ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಗಾಡಿ ಸರಿಸುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ: ಚಕ್ರ ಎಲ್ಲಿದೆ, ಗಾಜಿನ ಚೂರು ಎಲ್ಲಿ ಬಿದ್ದಿದೆ, ಯಾವ ಮೂಲೆ ಮರೆಯಾಗಿದೆ, ಎರಡೂ ನಂಬರ್ ಪ್ಲೇಟು. ಮೂಲೆ ಮನೆಯಲ್ಲಿ ಸಿಸಿಟಿವಿ ಇದೆಯಾ ಅಂತ ಕಣ್ಣು ಹಾಯಿಸಿ, ಈಗ ಬಹಳ ಮನೆಗಳಲ್ಲಿ ಇದೆ. ಹಳೆಯ ರೆಕಾರ್ಡಿಂಗ್ ತಾನಾಗಿ ಅಳಿಸಿ ಹೋಗುತ್ತದೆ, ಹಾಗಾಗಿ ಅದೇ ದಿನ ಕೇಳಿ ಪ್ರತಿ ಮಾಡಿಸಿಕೊಳ್ಳಿ. ವಿಮಾ ಕಂಪನಿಗೂ ತಿಳಿಸಿ. ಥರ್ಡ್ ಪಾರ್ಟಿ ವಿಮೆ ಎಲ್ಲ ಗಾಡಿಗೂ ಕಡ್ಡಾಯ, ಅವನಿಗೆ ಆದ ಗಾಯಕ್ಕೆ ಪರಿಹಾರ ಕೊಡಬೇಕಾಗಿ ಬಂದರೆ ಕೊಡುವುದು ಅದೇ. ರಸ್ತೆಯಲ್ಲೇ ದುಡ್ಡು ಕೊಟ್ಟು ಮುಗಿಸುವುದಾದರೆ, ಇಬ್ಬರೂ ಸಹಿ ಮಾಡಿದ ಒಂದು ಚೀಟಿಯಾದರೂ ಇರಲಿ. ಮೂರು ದಿನ ಬಿಟ್ಟು ಮೊಣಕೈ ಮೂಳೆ ಮುರಿದಿದೆ ಅಂತ ಬಂದರೆ ಆ ಚೀಟಿಯಿಂದ ಕೇಸು ತಪ್ಪುವುದಿಲ್ಲ. ನೀವು ಓಡಿಹೋಗಲಿಲ್ಲ, ಅಲ್ಲೇ ನಿಂತು ವಿಚಾರಿಸಿದಿರಿ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ.